ಬೀದಿ ನಾಯಿ ಹುಟ್ಟೋದು ಬೀದಿಯಲ್ಲಲ್ಲ

ಮೂರು ವರ್ಷದ ಹಿಂದೆ, ಡಿಸೆಂಬರ್ ಕೊನೆ ಇರ್ಬೇಕು, ಶಿರಸಿ ಹತ್ರ ಮಾವನ ಮನೆಗೆ ಅಡಿಕೆ ಕೊಯ್ಲಿಗೆ ಅಂತ ಹೋಗಿ ವಾಪಸ್ ಕಾರವಾರಕ್ಕೆ ಬರ್ತಿದ್ದೆ. ದೇವಿಮನೆ ಘಾಟಿ ಇಳಿಯೋವಾಗ ಒಂದು ತಿರುವಲ್ಲಿ ರಸ್ತೆ ಬದಿಗೆ ಬಿದ್ದಿದ್ದ ಸಿಮೆಂಟ್ ಚೀಲ ಅಲ್ಲಾಡಿದ ಹಾಗೆ ಕಾಣ್ತು. ಗಾಡಿ ನಿಲ್ಸಿ ಹೋಗಿ ನೋಡಿದ್ರೆ ಚೀಲದ ಬಾಯಿಗೆ ದಾರ ಬಿಗಿದಿದ್ರು, ಬಿಚ್ಚಿದ್ರೆ ಒಳಗೆ ಐದು ನಾಯಿಮರಿ, ಇನ್ನೂ ಎರಡು ತಿಂಗಳೂ ತುಂಬಿರ್ಲಿಲ್ಲ, ಮೈಯೆಲ್ಲ ಮಂಜಿಗೆ ಒದ್ದೆ. ಐದೂ ಹೆಣ್ಣು.

ಐದೂ ಹೆಣ್ಣೇ ಯಾಕೆ ಅಂತ ನಮ್ಮ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ. ಅದೇ ದಿನ ಬೆಳಗ್ಗೆ ಮಾವ ಪಕ್ಕದ ಮನೆಯವ್ರ ಹತ್ರ ಮಾತಾಡ್ತಾ, "ಗಂಡಾದ್ರೆ ಒಂದು ಕೊಡು ತಮಾ, ತೋಟದಲ್ಲಿ ಮಂಗ ಓಡ್ಸಲೆ ಬೇಕು, ಹೆಣ್ಣು ಕುನ್ನಿ ತಗಂಡು ಎಂತ ಮಾಡದು, ವರ್ಷಕ್ಕೆ ಎರಡು ಸಲ ಮರಿ ಹಾಕ್ತು" ಅಂತಿದ್ರು. ಮಾವ ಕೆಟ್ಟವ್ರಲ್ಲ, ಮನೆ ನಾಯಿಗೆ ಬಡಿಸ್ದೆ ತಾವು ಊಟಕ್ಕೆ ಕೂರೋರಲ್ಲ. ಆದ್ರೆ ಈ ಒಂದು ಮಾತು ಘಟ್ಟದ ಮೇಲೂ ಕೆಳಗೂ ಪ್ರತಿ ಊರಲ್ಲೂ ಇದೆ, ಗಂಡು ಮರಿ ತೋಟಕ್ಕೆ, ಕೊಟ್ಟಿಗೆಗೆ, ಅಂಗಡಿ ಕಾಯೋಕೆ ಹೋಗುತ್ತೆ, ಹೆಣ್ಣು ಮರಿ ಚೀಲದಲ್ಲಿ ಘಾಟಿಗೆ, ಮೀನು ಮಾರ್ಕೆಟಿಗೆ, ಬಸ್ ಸ್ಟ್ಯಾಂಡಿಗೆ ಹೋಗುತ್ತೆ. ಅದ್ರಲ್ಲಿ ಬದುಕಿ ಉಳಿದಿದ್ದು ಒಂದು ವರ್ಷದೊಳಗೆ ಬೆದೆಗೆ ಬರುತ್ತೆ, ಅಲ್ಲಿಂದ ಸುಮಾರು 63 ದಿನಕ್ಕೆ ನಾಲ್ಕೋ ಆರೋ ಮರಿ. ಅದನ್ನ ನೋಡಿ ನಾವು ಬೀದಿ ನಾಯಿ ಕಾಟ ಜಾಸ್ತಿ ಆಯ್ತು ಅಂತ ಅರ್ಜಿ ಬರೀತೀವಿ.

ಈಗ ದೇಶ ಎಲ್ಲ ಇದೇ ಚರ್ಚೆ. 2025ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಎಲ್ಲ ಬೀದಿ ನಾಯಿಗಳನ್ನೂ ಹಿಡಿದು ಶೆಲ್ಟರಿಗೆ ಹಾಕಿ ಅಂತ ಹೇಳ್ತು, ಹನ್ನೊಂದು ದಿನಕ್ಕೆ, ಆಗಸ್ಟ್ 22ಕ್ಕೆ, ಮೂವರ ಪೀಠ ಅದನ್ನ ಬದಲಾಯಿಸಿ, ಮರಿಯಾಗದ ಹಾಗೆ ಮಾಡೋ ಆಪರೇಷನ್ ಮತ್ತು ರೇಬಿಸ್ ಲಸಿಕೆ ಆದ ನಾಯಿಗಳನ್ನ ಹಿಡಿದ ಜಾಗಕ್ಕೇ ಬಿಡ್ಬೇಕು, ರೇಬಿಸ್ ಬಂದಿದ್ದು ಅಥವಾ ತೀರಾ ಮೈಮೇಲೆ ಬೀಳೋದನ್ನ ಮಾತ್ರ ಬಿಡ್ಬಾರ್ದು, ಊಟ ಹಾಕೋದಕ್ಕೆ ವಾರ್ಡಿಗೊಂದು ಜಾಗ ಗುರುತಿಸಿ ಅಂತ ಹೇಳಿ, ವಿಷಯವನ್ನ ಎಲ್ಲ ರಾಜ್ಯಗಳಿಗೂ ವಿಸ್ತರಿಸ್ತು. ಆಮೇಲೆ ನವೆಂಬರ್ 7ಕ್ಕೆ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಕ್ರೀಡಾಂಗಣದ ಆವರಣದಲ್ಲಿರೋ ನಾಯಿಗಳನ್ನ ತೆಗೀಬೇಕು, ಅವನ್ನ ಮತ್ತೆ ಅಲ್ಲಿಗೆ ಬಿಡೋ ಹಾಗಿಲ್ಲ ಅಂತ ಇನ್ನೊಂದು ಆದೇಶ. ಶಾಲೆ ಮಕ್ಕಳ, ಆಸ್ಪತ್ರೆ ರೋಗಿಗಳ ಸುರಕ್ಷತೆ ಅನ್ನೋ ಕಾಳಜಿ ಸರಿಯಾಗೇ ಇದೆ, ಅದ್ರಲ್ಲಿ ನನ್ನ ತಕರಾರಿಲ್ಲ. ಆದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಣ್ಣಲ್ಲಿ ನೋಡಿದ್ರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ಬಸ್ ಸ್ಟ್ಯಾಂಡಿಂದ ಹತ್ತು ನಾಯಿ ತೆಗೆದ್ರೆ ಖಾಲಿಯಾದ ಆ ಜಾಗಕ್ಕೆ ಮುಂದಿನ ಜನವರಿಯಲ್ಲಿ ಚೀಲದಲ್ಲಿ ಬರೋ ಮರಿಗಳು ಯಾರ ಮನೆಯವು?

ನಾಯಿ ಒಂದು ಜಾಗದಲ್ಲಿ ಎಷ್ಟು ಇರುತ್ತೆ ಅನ್ನೋದನ್ನ ಅಲ್ಲಿ ಸಿಗೋ ಆಹಾರವೇ ನಿರ್ಧಾರ ಮಾಡೋದು. ಕಾರವಾರದ ಬೈತಖೋಲ ಬಂದರಿಗೆ ಒಂದಿನ ಬೆಳಗ್ಗೆ ಹೋಗಿ ನೋಡಿ, ಬೋಟ್ ಬಂದು ಮೀನು ಇಳಿಸೋವಾಗ ಮಾರಾಟಕ್ಕಾಗದ ಮೀನೆಲ್ಲ ಅಲ್ಲೇ ಬೀಳುತ್ತೆ, ಮಾರ್ಕೆಟಲ್ಲಿ ಕತ್ತರಿಸಿದ ತಲೆ, ಕರುಳು ಸಂಜೆವರೆಗೂ ಮೂಲೆಯಲ್ಲಿ ಇರುತ್ತೆ. ಅಲ್ಲಿರೋ ನಾಯಿಗಳನ್ನೆಲ್ಲ ಎತ್ಕೊಂಡು ಹೋದ್ರೂ ಅನ್ನ ಹಾಗೇ ಇರುತ್ತಲ್ಲ, ಪಕ್ಕದ ಓಣಿ ನಾಯಿ ಬರುತ್ತೆ, ಅದು ಲಸಿಕೆ ಆಗದ್ದು, ಆಪರೇಷನ್ ಆಗದ್ದು, ಗಡಿ ಗೊತ್ತಿಲ್ಲದ್ದು, ಕಚ್ಚಾಟ ಇನ್ನೂ ಜಾಸ್ತಿ. ಆಪರೇಷನ್ ಆದ ನಾಯಿಯನ್ನ ಅದೇ ಜಾಗಕ್ಕೆ ಬಿಡೋ ನಿಯಮದ ಹಿಂದೆ ಇರೋ ಲೆಕ್ಕ ಇದೇ, ಆ ನಾಯಿ ಮರಿ ಹಾಕಲ್ಲ ಮತ್ತು ಹೊಸದನ್ನ ಒಳಗೆ ಬಿಡಲ್ಲ.

ಕರಾವಳಿಯಲ್ಲಿ ಇದಕ್ಕೊಂದು ಕ್ಯಾಲೆಂಡರ್ರೇ ಇದೆ, ಬೇರೆ ಊರಿನ ಯೋಜನೆ ಇಲ್ಲಿಗೆ ತಂದು ಹಾಕೋರು ಅದನ್ನ ನೋಡೋದೇ ಇಲ್ಲ ಅನ್ನೋದು ನನ್ನ ಬೇಸರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ. ಬಂದರು ಖಾಲಿ, ಮೀನು ಕಡಿಮೆ, ಅಲ್ಲಿವರೆಗೆ ಹೊಟ್ಟೆ ತುಂಬ ತಿಂದು ಮಲಗ್ತಿದ್ದ ನಾಯಿಗಳು ಹಸಿವಿಗೆ ಓಣಿ ಓಣಿ ಸುತ್ತೋಕೆ ಶುರು ಮಾಡ್ತವೆ, ಕೋಡಿಬಾಗದ ನಮ್ಮ ಓಣಿಯಲ್ಲಿ ಕಸದ ಚೀಲಕ್ಕೆ, ಸ್ಕೂಟರ್ ಹಿಂದೆ ಓಡೋ ನಾಯಿ ಮಳೆಗಾಲದಲ್ಲೇ ಜಾಸ್ತಿ ಕಾಣೋದು. ಮಳೆ ಮುಗೀತಾ ಬಂದ ಹಾಗೆ ಬೆದೆ ಕಾಲ, ಒಂದು ಹೆಣ್ಣಿನ ಹಿಂದೆ ಏಳೆಂಟು ಗಂಡು, ಜಗಳ, ಅಡ್ಡ ಬಂದೋರಿಗೆ ಕಡಿತ. ನವೆಂಬರಿಂದ ಜನವರಿ ಮರಿಗಳ ಕಾಲ, ಮರಿ ಇರೋ ತಾಯಿ ಹತ್ರ ಮಕ್ಕಳು ಹೋದ್ರೆ ಮತ್ತೆ ಕಡಿತ. ಅದೇ ಹೊತ್ತಿಗೆ ಘಟ್ಟದ ಮೇಲೆ ಅಡಿಕೆ ಕೊಯ್ಲು, ಜನ ಗಡಿಬಿಡಿಯಲ್ಲಿ, ಮರಿ ಸಾಕೋಕೆ ಯಾರಿಗೂ ಪುರುಸೊತ್ತಿಲ್ಲ, ಚೀಲ ಘಾಟಿಗೆ ಬರುತ್ತೆ.

ಹಾಗಾದ್ರೆ ಆಪರೇಷನ್ ಯಾವಾಗ ಮಾಡ್ಬೇಕು ಅಂತ ನೀವೇ ಹೇಳಿ. ಮಾರ್ಚಿಂದ ಮೇ, ಗಾಯ ಒಣಗೋ ಕಾಲ, ಬೆದೆಗೆ ಮುಂಚೆ. ಮಳೆಗಾಲದಲ್ಲಿ ಒದ್ದೆ ಕೆನಲಲ್ಲಿ, ಅಂದ್ರೆ ನಾಯಿ ಗೂಡಲ್ಲಿ, ಹೊಲಿಗೆ ಹಾಕಿದ ನಾಯಿ ಇಟ್ರೆ ಕೀವಾಗುತ್ತೆ, ನೊಣ ಕೂತು ಹುಳ ಬೀಳುತ್ತೆ. ಆದ್ರೆ ಲಸಿಕೆಗೆ ಈ ಮೀನುಗಾರಿಕೆ ನಿಷೇಧದ ಎರಡು ತಿಂಗಳೇ ಒಳ್ಳೇದು, ಹಸಿದ ನಾಯಿ ಅನ್ನ ಹಾಕಿದ ಕೈ ಹತ್ರ ಬರುತ್ತೆ, ಬಲೆ ಹಿಡ್ಕೊಂಡು ಅಟ್ಟಾಡಿಸೋ ಕೆಲಸ ಅರ್ಧ ಉಳಿಯುತ್ತೆ. ದಿನಾ ಅನ್ನ ಹಾಕೋ ಅಕ್ಕಂದಿರು ಪ್ರತಿ ಓಣಿಯಲ್ಲೂ ಇದ್ದಾರೆ, ಅವ್ರಿಗೆ ಯಾವ ನಾಯಿ ಎಲ್ಲಿ ಮಲಗುತ್ತೆ, ಯಾವ್ದು ಬಸುರಿ, ಯಾವ್ದು ಹೊಸದು ಎಲ್ಲ ಗೊತ್ತು. ಅವ್ರನ್ನ ಬೈಯೋದು ಬಿಟ್ಟು ಅವ್ರ ಜೊತೆ ಕೂತು ಪಟ್ಟಿ ಮಾಡಿದ್ರೆ ಅದಕ್ಕಿಂತ ಒಳ್ಳೆ ಸರ್ವೆ ಇಲ್ಲ.

ಕಾನೂನಲ್ಲಿ ಕೆಲಸ ಯಾರದ್ದು ಅನ್ನೋದು ಸ್ಪಷ್ಟವಾಗೇ ಇದೆ. ಪ್ರಾಣಿ ಸಂತಾನ ನಿಯಂತ್ರಣ ನಿಯಮ ಮೊದಲು 2001ರಲ್ಲಿ ಬಂತು, 2023ರ ಮಾರ್ಚಲ್ಲಿ ಹೊಸದು ಬಂತು. ಬೀದಿ ನಾಯಿಯ ಆಪರೇಷನ್, ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಮನೆ ನಾಯಿಯದ್ದು ಯಜಮಾನನ ಜವಾಬ್ದಾರಿ. ಆಪರೇಷನ್ ಮಾಡೋ ಕೇಂದ್ರಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರ್ಬೇಕು, ಥಿಯೇಟರ್, ಕೆನಲ್, ಪಶುವೈದ್ಯರು ಬೇಕು, ಆದ ಮೇಲೆ ನಾಯಿಯ ಕಿವಿಗೆ ಗುರುತು ಮಾಡಿ ಬಿಡ್ಬೇಕು. ಕಿವಿ ತುದಿಯಲ್ಲಿ ಸಣ್ಣ ಕತ್ತರಿ ಗುರುತು ಕಂಡ್ರೆ ಅದು ಆಪರೇಷನ್ ಆದ ನಾಯಿ ಅಂತ ಅರ್ಥ. ಇನ್ನು ಸಾಕಿದ್ದನ್ನ ಹಸಿವು ಬಾಯಾರಿಕೆಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಆದ್ರೆ ಮೊದಲ ಸಲಕ್ಕೆ ದಂಡ ಎಷ್ಟು ಅಂದ್ರೆ 10ರಿಂದ 50 ರೂಪಾಯಿ. ಇವತ್ತು ಒಂದು ಚಾ, ಬನ್ಸಿನ ದುಡ್ಡು. ಐದು ಜೀವ ಚೀಲದಲ್ಲಿ ಕಟ್ಟಿ ಎಸೆದವ್ರಿಗೆ.

ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ತಪ್ಪಿ ಹೋಗಿರೋ ಗಂಟು ಇಲ್ಲಿದೆ. ನಾವು ನಾಯಿಗಳನ್ನ ಸಾಕಿದ್ದು, ಬೀದಿಯದ್ದು ಅಂತ ಎರಡು ಭಾಗ ಮಾಡ್ತೀವಿ, ಆದ್ರೆ ಉತ್ತರ ಕನ್ನಡದ ಹಳ್ಳಿ ನಾಯಿ ಎರಡೂ ಹೌದು. ರಾತ್ರಿ ಮನೆ ಜಗಲಿಯಲ್ಲಿ ಮಲಗುತ್ತೆ, ಹೆಸರಿದೆ, ಅನ್ನ ಮಜ್ಜಿಗೆ ಸಿಗುತ್ತೆ, ಬೆಳಗಾದ್ರೆ ಊರೆಲ್ಲ ಸುತ್ತುತ್ತೆ. ಲಸಿಕೆ ಇಲ್ಲ, ಆಪರೇಷನ್ ಇಲ್ಲ, ಕಚ್ಚಿದಾಗ ಮಾತ್ರ "ಅದು ನಮ್ಮದಲ್ಲ". ನಗರಸಭೆ ಗಾಡಿ ಈ ನಾಯಿಯನ್ನ ಹಿಡಿಯಲ್ಲ, ಯಜಮಾನ ಆಸ್ಪತ್ರೆಗೆ ಒಯ್ಯಲ್ಲ, ಮರಿ ಹಾಕ್ತಾ ಇರೋದು ಇದೇ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ವರ್ಷ ತುಂಬೋದ್ರೊಳಗೆ ಸಾಯ್ತವೆ, ಗಾಡಿಗೆ ಸಿಕ್ಕಿ, ಹಸಿವಿಗೆ, ರೋಗಕ್ಕೆ. ಜಗಲಿಯಲ್ಲಿ ಅನ್ನ ತಿಂದ ತಾಯಿಯ ಮರಿ ಬದುಕೋದು ಜಾಸ್ತಿ.

ಇದು ಆಗೋ ಕೆಲಸಾನಾ ಅಂತ ಕೇಳೋರಿಗೆ ತೋರ್ಸೋಕೆ ದೂರ ಹೋಗ್ಬೇಕಾಗಿಲ್ಲ, ಕಾಳಿ ಸೇತುವೆ ದಾಟಿ ಮಾಜಾಳಿ ಚೆಕ್‌ಪೋಸ್ಟ್ ಆಚೆ ಹೋದ್ರೆ ಗೋವಾ. ಅಲ್ಲೂ ಮೀನು ಮಾರ್ಕೆಟ್, ಅಲ್ಲೂ ಬೀಚು, ಅಲ್ಲೂ ಹಗಲಿಡೀ ಸುತ್ತೋ ಮನೆ ನಾಯಿ. ಮಿಷನ್ ರೇಬಿಸ್ ಅನ್ನೋ ಸಂಸ್ಥೆ ಗೋವಾ ಸರ್ಕಾರದ ಜೊತೆ ಸೇರಿ ವರ್ಷ ವರ್ಷ ಹತ್ತಿರ ಹತ್ತಿರ ಲಕ್ಷ ನಾಯಿಗಳಿಗೆ ಲಸಿಕೆ ಹಾಕ್ತು, ಒಂದೊಂದು ನಾಯಿಯನ್ನೂ ಫೋನಿನ ಆ್ಯಪಲ್ಲಿ ಜಾಗ ಸಮೇತ ದಾಖಲಿಸ್ತು, ಮನೆ ನಾಯಿ ಬೀದಿ ನಾಯಿ ಅಂತ ಭೇದ ಮಾಡದೆ ಬಾಗಿಲು ಬಾಗಿಲಿಗೆ ಹೋಯ್ತು, ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಮಾಡ್ತು, ಅನುಮಾನ ಇರೋ ನಾಯಿ ಕಂಡ್ರೆ ಫೋನ್ ಮಾಡೋಕೆ ನಂಬರ್ ಕೊಡ್ತು. 2021ರಲ್ಲಿ ಗೋವಾ ತನ್ನನ್ನ ರೇಬಿಸ್ ನಿಯಂತ್ರಿತ ರಾಜ್ಯ ಅಂತ ಘೋಷಿಸಿಕೊಳ್ತು, ಅದಕ್ಕೂ ಹಿಂದಿನ ಮೂರು ವರ್ಷ ಅಲ್ಲಿ ರೇಬಿಸ್‌ಗೆ ಒಬ್ಬರೂ ಸತ್ತಿರ್ಲಿಲ್ಲ. ಶೆಲ್ಟರ್ ಕಟ್ಟಿ ನಾಯಿ ತುಂಬಿ ಬಂದಿದ್ದಲ್ಲ ಇದು, ಲಸಿಕೆಯಿಂದ ಬಂದಿದ್ದು.

ಯಾಕೆ ಆಯ್ತು ಅಂದ್ರೆ, ರೇಬಿಸ್ ಬಂದ ಒಂದು ನಾಯಿ ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗೆ ರೋಗ ದಾಟಿಸೋದು, ದಡಾರದ ಹಾಗೆ ಕಂಡಾಪಟ್ಟೆ ಹರಡೋ ರೋಗ ಅಲ್ಲ. ಹಾಗಾಗಿ ಹತ್ತು ನಾಯಿಯಲ್ಲಿ ಏಳಕ್ಕೆ ಲಸಿಕೆ ಇದ್ರೆ ವೈರಸ್ಸಿಗೆ ಮುಂದೆ ಹೋಗೋಕೆ ದಾರಿ ಸಿಗದೆ ಸರಪಳಿ ಕಡಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ 70 ಪರ್ಸೆಂಟ್ ಅಂದ್ರೆ ಇದೇ. ಮನುಷ್ಯರಿಗೆ ಬರೋ ರೇಬಿಸಲ್ಲಿ 99 ಪರ್ಸೆಂಟ್‌ವರೆಗೂ ನಾಯಿಯಿಂದಲೇ, ರೇಬಿಸ್ ಅನುಮಾನ ಇರೋ ಪ್ರಾಣಿಯ ಕಡಿತಕ್ಕೆ ಸಿಗೋರಲ್ಲಿ ಸುಮಾರು 40 ಪರ್ಸೆಂಟ್ 15 ವರ್ಷದೊಳಗಿನ ಮಕ್ಕಳು. ನಮ್ಮ ದೇಶ 2030ರೊಳಗೆ ನಾಯಿಯಿಂದ ಬರೋ ರೇಬಿಸ್ ಇಲ್ಲದ ಹಾಗೆ ಮಾಡ್ತೀವಿ ಅಂತ 2021ರಲ್ಲೇ ರಾಷ್ಟ್ರೀಯ ಯೋಜನೆ ಮಾಡಿದೆ. ಗಡಿಯಾಚೆ ಗೋವಾದ ಕಾಣಕೋಣದಲ್ಲಿ ಆಗಿದ್ದು ಕಾರವಾರದಲ್ಲಿ ಆಗಲ್ಲ ಅನ್ನೋಕೆ ಒಂದು ಕಾರಣಾನೂ ನನಗೆ ಕಾಣ್ತಿಲ್ಲ, ನಾಯಿಗಳಿಗಂತೂ ರಾಜ್ಯದ ಗಡಿ ಇಲ್ಲ.

ಕಡಿತದ ವಿಷಯ ಬಂದಾಗ ಒಂದು ಮಾತು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಗಾಯಕ್ಕೆ ಅರಿಶಿನ, ಸುಣ್ಣ, ಮೆಣಸಿನ ಪುಡಿ ಏನೂ ಬೇಡ. ನಲ್ಲಿ ಬಿಟ್ಟು ಸೋಪ್ ಹಾಕಿ 15 ನಿಮಿಷ ತೊಳೀರಿ, 15 ನಿಮಿಷ ಅಂದ್ರೆ ಗಡಿಯಾರ ನೋಡ್ಕೊಂಡು. ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ, ಚರ್ಮಕ್ಕೆ ಕೊಡೋ ಇಂಜೆಕ್ಷನ್ ಆದ್ರೆ ಮೊದಲ ದಿನ (ಅದನ್ನ 0 ಅಂತ ಲೆಕ್ಕ ಹಿಡಿದು), ಆಮೇಲೆ 3, 7, 28ನೇ ದಿನ, ಒಂದನ್ನೂ ತಪ್ಪಿಸಬೇಡಿ. ರಕ್ತ ಬಂದ ಗಾಯ ಆದ್ರೆ ಗಾಯಕ್ಕೇ ಹಾಕೋ ಇಮ್ಯುನೋಗ್ಲೋಬ್ಯುಲಿನ್ ಕೇಳಿ ಹಾಕಿಸ್ಕೊಳ್ಳಿ, ಜನ ಬಿಟ್ಟುಬಿಡೋದು ಇದನ್ನೇ. ಸಣ್ಣ ಮರಿ ಕಚ್ಚಿದ್ದು, ಅದಕ್ಕೇನಾಗುತ್ತೆ ಅನ್ನೋ ಮಾತು ನಂಬಬೇಡಿ, ಮರಿಗೂ ರೇಬಿಸ್ ಇರುತ್ತೆ. ಕಚ್ಚಿದ ನಾಯಿಯನ್ನ ಹೊಡೆದು ಸಾಯಿಸ್ದೆ 10 ದಿನ ಗಮನಿಸಿದ್ರೆ ಡಾಕ್ಟ್ರಿಗೂ ಅನುಕೂಲ, ಆದ್ರೆ ಆ 10 ದಿನ ಮುಗೀಲಿ ಅಂತ ಕಾಯ್ತಾ ಇಂಜೆಕ್ಷನ್ ಮುಂದೆ ಹಾಕೋ ಹಾಗಿಲ್ಲ. ಲಕ್ಷಣ ಶುರುವಾದ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಆ ಐದು ಮರಿಗಳ ಕಥೆಗೆ ಬರ್ತೀನಿ. ಮನೆಗೆ ತಂದ ಮೂರನೇ ದಿನ ಒಂದು ಊಟ ಬಿಡ್ತು, ವಾಂತಿ, ಆಮೇಲೆ ರಕ್ತ ಬೆರೆತ ಭೇದಿ, ಆ ವಾಸನೆ ಒಂದ್ಸಲ ಬಂದ್ರೆ ಜನ್ಮಕ್ಕೂ ಮರೆಯಲ್ಲ. ಪಾರ್ವೋ, ಮರಿಗಳ ಕರುಳಿಗೆ ಬರೋ ವೈರಸ್ ರೋಗ. ಡ್ರಿಪ್ ಹಾಕಿ ರಾತ್ರಿ ಎಲ್ಲ ಕೂತ್ರೂ ಎರಡು ಹೋದ್ವು, ಮೂರು ಉಳಿದ್ವು. ಈ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಫಿನಾಯಿಲಿಗೆ ಬಗ್ಗಲ್ಲ, ನೆಲಕ್ಕೆ ಬ್ಲೀಚಿಂಗೇ ಆಗ್ಬೇಕು. ಒಂದು ಮರಿ ಸತ್ತ ಅಂಗಳಕ್ಕೆ ಲಸಿಕೆ ಆಗದ ಇನ್ನೊಂದು ಮರಿಯನ್ನ ತರಬೇಡಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಂದರ ಹಾಗೆ ನಾಲ್ಕು ತಿಂಗಳ ತನಕ ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ರೇಬಿಸ್ದು ಹೆಚ್ಚಾಗಿ ವಿಶ್ವ ರೇಬಿಸ್ ದಿನ ಸೆಪ್ಟೆಂಬರ್ 28ರ ಆಸುಪಾಸು ಪಶು ಆಸ್ಪತ್ರೆ ಕ್ಯಾಂಪಲ್ಲಿ ಉಚಿತವಾಗೇ ಸಿಗುತ್ತೆ. ನಾಯಿಯ ಲಸಿಕೆ ಕಾರ್ಡಲ್ಲಿ ಇಲಿ ಜ್ವರದ ಲಸಿಕೆ ಇದ್ಯಾ ನೋಡ್ಕೊಳ್ಳಿ, ಗದ್ದೆ ನೀರಲ್ಲಿ ಓಡಾಡೋ ನಾಯಿಗೆ ಅದು ಬೇಕು, ನಾಯಿ ಮೂತ್ರದಿಂದ ಮನೆಯವ್ರಿಗೂ ದಾಟೋ ರೋಗ ಅದು.

ಇನ್ನೊಂದು ಉಣ್ಣಿ. ಉಣ್ಣಿ ಕಚ್ಚಿ ಜನರಿಗೆ ಬರೋ ಮಂಗನ ಕಾಯಿಲೆ ಮೊದಲ ಸಲ 1957ರಲ್ಲಿ ಕಾಣಿಸಿಕೊಂಡಿದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಸಿದ್ದಾಪುರದ ಕಡೆ ಇವತ್ತಿಗೂ ಬೇಸಿಗೆ ಬಂದ್ರೆ ಅದರ ಹೆದರಿಕೆ. ನಾಯಿಯಿಂದ ಆ ರೋಗ ಬರುತ್ತೆ ಅಂತಲ್ಲ, ಆದ್ರೆ ಜನವರಿಯಿಂದ ಮೇವರೆಗೆ ಬೆಟ್ಟಕ್ಕೆ ಸೊಪ್ಪು ತರೋಕೆ ಹೋದಾಗ ಜೊತೆಗೆ ಹೋದ ನಾಯಿ ಮೈಮೇಲೆ ಕಾಡಿನ ಉಣ್ಣಿ ಹೊತ್ಕೊಂಡು ಜಗಲಿಗೆ ಬರುತ್ತೆ ಅನ್ನೋದು ನೆನಪಿರ್ಲಿ. ನಾಯಿಗೆ ಬರೋ ಉಣ್ಣಿ ಜ್ವರ ಬೇರೆ, ಅದು ಎರ್ಲೀಕಿಯಾ, ಬಬೇಸಿಯಾ ಅನ್ನೋ ರೋಗಾಣುಗಳಿಂದ. ನಾಯಿ ಮಂಕಾಗುತ್ತೆ, ಜ್ವರ, ವಸಡು ಬಿಳಚಿಕೊಳ್ಳುತ್ತೆ, ಕೆಲವಕ್ಕೆ ಮೂಗಲ್ಲಿ ರಕ್ತ. ಬೇಗ ತೋರ್ಸಿದ್ರೆ ಗುಣ ಆಗುತ್ತೆ. ಜ್ವರ ಅಂತ ಮನೆಯಲ್ಲಿರೋ ಪ್ಯಾರಾಸಿಟಮಾಲ್ ಅಥವಾ ಮೈಕೈ ನೋವಿನ ಮಾತ್ರೆ ಕೊಡ್ಲೇಬೇಡಿ, ನಾಯಿ ಲಿವರ್ ಕಿಡ್ನಿ ಹಾಳಾಗುತ್ತೆ. ಬೆಟ್ಟಕ್ಕೆ ಹೋಗೋವಾಗ ಉಣ್ಣಿ ಕಚ್ಚದ ಹಾಗೆ ನಾವು ಹಚ್ಕೊಳ್ಳೋ ಎಣ್ಣೆನೂ ಡಾಕ್ಟ್ರನ್ನ ಕೇಳ್ದೆ ಅದಕ್ಕೆ ಹಚ್ಚಬೇಡಿ, ನೆಕ್ಕಿಬಿಡುತ್ತೆ. ಊಟದ ಬಗ್ಗೆನೂ ಹೇಳ್ಬೇಕು, ನಮ್ಮ ಕಡೆ ಬರೀ ಅನ್ನ ಮಜ್ಜಿಗೆಯಲ್ಲೇ ಬೆಳೆದ ನಾಯಿಗಳ ಕೂದಲು, ಮೂಳೆ ನೋಡಿದ್ರೆ ಗೊತ್ತಾಗುತ್ತೆ, ಮೊಟ್ಟೆ ಒಳಗೆ ತರದ ಮನೆ ಆದ್ರೆ ಬೇಯಿಸಿದ ಬೇಳೆ, ಮೊಸರಾದ್ರೂ ಜಾಸ್ತಿ ಹಾಕಿ, ಮೀನು ಮನೆಯಾದ್ರೆ ಮುಳ್ಳು ತೆಗೆದು ಬೇಯಿಸಿದ ಮೀನು.

ಕಾಡಿನ ವಿಷಯಾನೂ ಇದೆ, ನಾಯಿ ಪ್ರೀತಿ ಮಾಡೋರು ಇದನ್ನ ಮಾತಾಡೋಕೆ ಹಿಂಜರಿತಾರೆ, ಹಿಂಜರಿಬಾರ್ದು. ದೇವಬಾಗ, ಮಾಜಾಳಿ, ಹೊನ್ನಾವರದ ಕಾಸರಕೋಡದಲ್ಲಿ ಆಲಿವ್ ರಿಡ್ಲಿ ಕಡಲಾಮೆ ಬಂದು ಮೊಟ್ಟೆ ಇಡುತ್ತೆ, ರಾತ್ರಿ ಬೀಚಲ್ಲಿ ಸುತ್ತೋ ನಾಯಿಗಳು ಗೂಡು ಕೆದರಿ ತಿಂತವೆ, ಅದಕ್ಕೇ ಅರಣ್ಯ ಇಲಾಖೆಯವ್ರು ಬಲೆ ಬೇಲಿ ಹಾಕೋದು. ಜೋಯಿಡಾ ಕಡೆ ಹಳ್ಳಿ ನಾಯಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಓಡಾಡುತ್ತೆ, ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಬಂದ ಒಂದು ನಾಯಿಯನ್ನ ಚಿರತೆ ಹಿಡಿದ್ರೆ ರೋಗ ಕಾಡಿಗೆ ದಾಟುತ್ತೆ. 2018ರಲ್ಲಿ ಗಿರ್ ಕಾಡಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಸಿಂಹ ಸತ್ವಲ್ಲ, ಅವುಗಳಲ್ಲಿ ಸಿಕ್ಕಿದ್ದು ಇದೇ ಡಿಸ್ಟೆಂಪರ್ ವೈರಸ್. ಕಾಡಂಚಿನ ಹಳ್ಳಿ ನಾಯಿಗೆ ಹಾಕೋ ಒಂದು ಲಸಿಕೆ ಆ ಮನೆಯನ್ನ, ಆ ಕಾಡನ್ನ ಎರಡನ್ನೂ ಕಾಯುತ್ತೆ.

ಮನೆ ಇಲ್ಲದ ನಾಯಿಗೆ ಏನು ಮಾಡ್ಬೋದು ಅಂತ ಕೇಳೋರು ತುಂಬ ಜನ, ಹಣ ಕಳಿಸ್ಲಾ ಅಂತಾರೆ. ಹಣಕ್ಕಿಂತ ಜಾಸ್ತಿ ಬೇಕಾಗಿರೋದು ಜಾಗ ಮತ್ತು ಗಾಡಿ. ಆಪರೇಷನ್ ಆದ ಹೆಣ್ಣು ನಾಯಿಯನ್ನ ನಾಲ್ಕೈದು ದಿನ ಒಣ ಜಾಗದಲ್ಲಿ, ನೊಣ ಬರದ ಹಾಗೆ ಇಟ್ಕೊಳ್ಳೋಕೆ ಯಾರದ್ದಾದ್ರೂ ಖಾಲಿ ಶೆಡ್, ಹಳ್ಳಿಯಿಂದ ಆಸ್ಪತ್ರೆಗೆ ಒಯ್ಯೋಕೆ ಯಾರದ್ದಾದ್ರೂ ಓಮ್ನಿ. ಬಸ್ಸಲ್ಲಿ ಹತ್ತಿಸ್ಕೊಳ್ಳಲ್ಲ, ಆಟೋದವ್ರು ಮೂರಕ್ಕೆ ಎರಡು ಸಲ ಇಲ್ಲ ಅಂತಾರೆ, ಎಷ್ಟೋ ಹೆಣ್ಣು ನಾಯಿಗಳ ಆಪರೇಷನ್ ನಿಂತಿರೋದು ಇದೊಂದೇ ಕಾರಣಕ್ಕೆ. ಮರಿ ಬೇಕು ಅಂತ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಿ ಇಪ್ಪತ್ತು ಸಾವಿರ ಕೊಟ್ಟು ಹಸ್ಕಿ ತರೋರಿಗೆ ನನ್ನದೊಂದು ಕೋರಿಕೆ, ಕಾರವಾರದ ಸೆಖೆಗೆ ಆ ದಪ್ಪ ಉಣ್ಣೆಯ ನಾಯಿ ದಿನಾ ನರಳುತ್ತೆ, ಊರ ನಾಯಿಯ ತೆಳು ಕೂದಲು ಈ ಹವೆಗೇ ಆಗಿರೋದು. ತರೋವಾಗ ಹೆಣ್ಣು ಮರಿ ತನ್ನಿ. ಹೆಣ್ಣಿನ ಆಪರೇಷನ್ ಒಂದ್ಸಲ ಆಗಿಬಿಟ್ರೆ ಮರಿಯ ತಲೆನೋವಿಲ್ಲ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವಾಗಿ ಸಾಯೋ ಭಯ ಇಲ್ಲ, ಅಂಗಳ ಕಾಯೋದ್ರಲ್ಲಿ ಗಂಡಿಗೆ ಒಂಚೂರೂ ಕಡಿಮೆ ಇಲ್ಲ.

ಉಳಿದ ಮೂರರಲ್ಲಿ ಒಂದನ್ನ ಕೋಡಿಬಾಗದಲ್ಲೇ ಮೀನು ಮಾರೋ ಅಕ್ಕ ಒಬ್ಬರು ತಗೊಂಡ್ರು, ಒಂದು ನಮ್ಮನೆಯಲ್ಲಿದೆ. ಮೂರನೇದನ್ನ ನಾನು ಆಪರೇಷನ್ ಮಾಡಿಸಿ, ಗಾಯ ಒಣಗಿದ ಮೇಲೆ ಮಾವನ ಮನೆಗೇ ಒಯ್ದೆ. ಮಾವ ಮೊದಲು ಬಾಲ ಎತ್ತಿ ನೋಡಿ ಮುಖ ಸಣ್ಣ ಮಾಡಿದ್ರು, "ಇದು ಮರಿ ಹಾಕ್ತಿಲ್ಲೆ ಅಂಬದು ಖಾತ್ರಿಯನ?" ಅಂತ ಎರಡು ಸಲ ಕೇಳಿದ್ರು, ಹೊಟ್ಟೆ ಮೇಲಿನ ಹೊಲಿಗೆ ಗುರುತು ತೋರಿಸ್ದೆ. ಈ ಸಲ ಕೊಯ್ಲಿಗೆ ಹೋದಾಗ ಅದು ತೋಟದ ದಣಪೆ (ಬೇಲಿ ಬಾಗಿಲು) ಹತ್ರ ಮಂಗನ ಗುಂಪನ್ನ ಅಟ್ಟಿಸ್ಕೊಂಡು ಹೋಗ್ತಿತ್ತು, ಪಕ್ಕದ ಮನೆ ಅಣ್ಣ ಬೇಲಿ ಆಚೆಯಿಂದ ಕೂಗಿ ಅವ್ರ ಮನೆ ಹೆಣ್ಣು ಕುನ್ನಿಗೂ ಆಪರೇಷನ್ ಎಲ್ಲಿ ಮಾಡ್ತಾರೆ, ಎಷ್ಟಾಗುತ್ತೆ ಅಂತ ಕೇಳಿದ್ರು. ಮಾರ್ಚಲ್ಲಿ ಕರ್ಕೊಂಡು ಹೋಗೋದು ಅಂತ ಮಾತಾಗಿದೆ, ಗಾಡಿ ನಾನು ತರ್ತೀನಿ.